ನಾಲ್ಕು ಲಕ್ಷ ಸಾಲ ಮಾಡಿ ಮಗಳನ್ನು ನರ್ಸಿಂಗ್‌ಗೆ ಸೇರಿಸಬಹುದಾ?

ಪ್ರಶ್ನೆ: ಸಿಸ್ಟರ್, ನಾವು ಮುಂಬೈನ ಭಾಂಡುಪ್‌ನಲ್ಲಿ ಇದ್ದೇವೆ. ಊರು ಕುಂದಾಪುರದ ಕಡೆ. ಯಜಮಾನರು ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಾರೆ, ತಿಂಗಳಿಗೆ 24,000 ಬರುತ್ತದೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗಳು ಈ ವರ್ಷ ಕಾಮರ್ಸ್‌ನಲ್ಲಿ 58% ತೆಗೆದು ಹನ್ನೆರಡನೆಯದು ಪಾಸಾದಳು. ನರ್ಸ್ ಆಗಬೇಕೆಂದು ಹಟ. ಕಲ್ಯಾಣದ ಆಚೆ ಒಂದು ಖಾಸಗಿ ನರ್ಸಿಂಗ್ ಶಾಲೆ ನೋಡಿ ಬಂದೆವು. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ), ಫೀಸು, ಹಾಸ್ಟೆಲ್ ಎಲ್ಲ ಸೇರಿ ನಾಲ್ಕು ಲಕ್ಷ. ಬ್ಯಾಂಕ್ ಲೋನ್ ನಾವೇ ಮಾಡಿಸಿಕೊಡುತ್ತೇವೆ, ಪಾಸಾದ ಕೂಡಲೇ 30,000 ಸಂಬಳ ಗ್ಯಾರಂಟಿ ಎಂದರು. ಮನೆ ಹತ್ತಿರವೇ ಇನ್ನೊಂದು ಕಡೆ ಒಂದು ವರ್ಷದ 'ಪ್ರಾಕ್ಟಿಕಲ್ ನರ್ಸಿಂಗ್' 75,000ಕ್ಕೆ ಇದೆ. ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗ ಅದೇ ಮಾಡಿಸಿ, ಇಲ್ಲಿ ಪ್ರಾಕ್ಟಿಕಲ್ ನರ್ಸ್‌ಗೆ ಒಳ್ಳೆ ಸಂಬಳ ಎನ್ನುತ್ತಾನೆ. ಅಣ್ಣ ಮಂಗಳೂರಿಗೆ ಕಳಿಸು ಎನ್ನುತ್ತಾನೆ. ನಮಗೆ ಸಾಲದ್ದೇ ಭಯ. ಹೆಣ್ಣುಮಗಳು ತಲೆ ಮೇಲೆ ಸಾಲ ಹೊತ್ತು ಕೆಲಸ ಶುರು ಮಾಡಬೇಕಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಭಯ ಸರಿಯಾದ ಜಾಗದಲ್ಲೇ ಇದೆ. ನರ್ಸಿಂಗ್ ಓದಿಸಬೇಕಾ ಬೇಡವಾ ಅನ್ನುವುದು ನಿಮ್ಮ ಪ್ರಶ್ನೆ ಅಲ್ಲ. ಓದಿ ಬಂದ ಮೇಲೆ ಸಿಗುವ ಸಂಬಳ ಆ ಸಾಲವನ್ನು ಹೊರುತ್ತದಾ ಅನ್ನುವುದು ಪ್ರಶ್ನೆ. ಮುಂಬೈನ ವಾರ್ಡ್‌ಗಳಲ್ಲಿ 26 ವರ್ಷ ಕೆಲಸ ಮಾಡಿ, ಆಮೇಲೆ ಕೆಲವು ವರ್ಷ ಟ್ಯೂಟರ್ ಆಗಿದ್ದವಳು ನಾನು. ಈ ಲೆಕ್ಕ ಹಾಕದೆ ಬಂದ ಹುಡುಗಿಯರನ್ನು ತುಂಬಾ ನೋಡಿದ್ದೇನೆ. ಹಾಗಾಗಿ ಲೆಕ್ಕವನ್ನೇ ಮೊದಲು ಹಾಕೋಣ ಅಂದುಕೊಂಡಿದ್ದೆ. ಆದರೆ ಅದಕ್ಕೂ ಮುಂಚೆ ಆ ಒಂದು ವರ್ಷದ ಕೋರ್ಸಿನ ವಿಷಯ ಮುಗಿಸಿಬಿಡುತ್ತೇನೆ.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್ ಅನ್ನುವ ಹುದ್ದೆ ಇದೆ. ಸುಮಾರು ಒಂದು ವರ್ಷದ ಓದು, ಆಮೇಲೆ ಎನ್‌ಕ್ಲೆಕ್ಸ್-ಪಿಎನ್ ಅನ್ನುವ ಪರೀಕ್ಷೆ, ಆಮೇಲೆ ರಾಜ್ಯದ ಲೈಸೆನ್ಸ್. 2024ರಲ್ಲಿ ಅವರ ನಡುಮಟ್ಟದ ವಾರ್ಷಿಕ ಸಂಬಳ 62,340 ಡಾಲರ್ ಇತ್ತು. ಆದರೆ ಆ ಸಂಬಳ ಬರುವುದು ಲೈಸೆನ್ಸಿನಿಂದ, ಕೋರ್ಸಿನ ಹೆಸರಿನಿಂದ ಅಲ್ಲ. ನಮ್ಮ ದೇಶದಲ್ಲಿ ನರ್ಸಿಂಗ್ ಕೌನ್ಸಿಲ್ ನೋಂದಣಿ ಕೊಡುವ ಓದುಗಳು ಬೇರೆ. ಎರಡು ವರ್ಷದ ಎಎನ್‌ಎಂ ಅಂದರೆ ಸಹಾಯಕ ನರ್ಸ್-ಮಿಡ್‌ವೈಫ್ ಕೋರ್ಸು, ಮೂರು ವರ್ಷದ ಜಿಎನ್‌ಎಂ, ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್. ಗಲ್ಲಿಯ ಇನ್‌ಸ್ಟಿಟ್ಯೂಟ್ ಕೊಡುವ ಒಂದು ವರ್ಷದ 'ಪ್ರಾಕ್ಟಿಕಲ್ ನರ್ಸಿಂಗ್' ಸರ್ಟಿಫಿಕೇಟ್ ಹಿಡಿದು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ಗೆ ಹೋದರೆ ನೋಂದಣಿ ನಂಬರ್ ಸಿಗುವುದಿಲ್ಲ. ನಂಬರ್ ಇಲ್ಲದವಳು ಕಾನೂನಿನ ಲೆಕ್ಕದಲ್ಲಿ ನರ್ಸ್ ಅಲ್ಲ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ, ನರ್ಸ್ ಎಂದು ವಿದೇಶಕ್ಕೆ ಹೋಗುವಂತಿಲ್ಲ, ಎಷ್ಟು ವರ್ಷ ದುಡಿದರೂ ಸ್ಟಾಫ್ ನರ್ಸ್ ಆಗುವಂತಿಲ್ಲ. ರೋಗಿಗಳ ಆರೈಕೆಗೆ ಸಹಾಯಕಿಯಾಗಿ ಹೋಗಬಹುದು, ಅದು ಮರ್ಯಾದೆಯ ಕೆಲಸವೇ. ಆದರೆ ನಿಮ್ಮ ಮಗಳಿಗೆ ಬೇಕಾಗಿರುವುದು ಅದಲ್ಲ, ಅಲ್ವಾ? 75,000 ಕಡಿಮೆ ದುಡ್ಡು ಅನಿಸುತ್ತದೆ. ನನ್ನ ಪ್ರಕಾರ ನೀವು ಬರೆದ ಎಲ್ಲ ದಾರಿಗಳಲ್ಲಿ ಅದೇ ತುಟ್ಟಿ.

ಈಗ ನಾಲ್ಕು ಲಕ್ಷದ ಲೆಕ್ಕ. ಪೆನ್ನು, ಕಾಗದ ತಗೊಂಡು ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುವುದಿಲ್ಲ. ಸಾಲ ಮಗಳ ಹೆಸರಲ್ಲಿ ಇರುತ್ತದೆ, ಜೊತೆಗೆ ತಂದೆ ಅಥವಾ ತಾಯಿ ಸಹಿ ಹಾಕಬೇಕು. ಅಂದರೆ ಅವಳು ಕಟ್ಟದಿದ್ದರೆ ನೀವು ಕಟ್ಟಬೇಕು. ಓದುವಾಗ ಮತ್ತು ಓದು ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಕಂತು ಇರುವುದಿಲ್ಲ. ಇಲ್ಲೇ ಎಲ್ಲರೂ ತಪ್ಪು ತಿಳಿಯುವುದು. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಬಡ್ಡಿ ಮೊದಲ ದಿನದಿಂದ ಓಡುತ್ತಲೇ ಇರುತ್ತದೆ, ಕೊನೆಗೆ ಅಸಲಿಗೆ ಸೇರಿಕೊಳ್ಳುತ್ತದೆ.

ಬಡ್ಡಿ 10.5% ಅಂತ ಇಟ್ಟುಕೊಳ್ಳೋಣ. ಬ್ಯಾಂಕಿನಿಂದ ಬ್ಯಾಂಕಿಗೆ ಇದು ಬದಲಾಗುತ್ತದೆ. ಹೆಣ್ಣುಮಕ್ಕಳಿಗೆ ಅರ್ಧ ಪರ್ಸೆಂಟ್ ಬಿಡುವ ಬ್ಯಾಂಕ್‌ಗಳೂ ಇವೆ, ಕೇಳಿ. ಮೊದಲ ವರ್ಷ 1,40,000, ಆಮೇಲಿನ ಎರಡು ವರ್ಷ 1,30,000ದಂತೆ ಬ್ಯಾಂಕ್ ಶಾಲೆಗೆ ಕಟ್ಟಿತು ಅನ್ನಿ. ಮಗಳು ಮೊದಲ ಕಂತು ಕಟ್ಟುವ ಹೊತ್ತಿಗೆ ಬಡ್ಡಿಯೇ ಸುಮಾರು 1,27,000 ಆಗಿರುತ್ತದೆ. ನಾಲ್ಕು ಲಕ್ಷದ ಸಾಲ ಆಗ 5,27,000. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 7,100 ಕಟ್ಟಬೇಕು. ಏಳು ವರ್ಷದಲ್ಲಿ ಅಂದರೆ 8,900 ಹತ್ತಿರ. ಹದಿನೈದು ವರ್ಷಕ್ಕೆ ಎಳೆದರೆ ಕಂತು 5,800ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟಿದ ಹಣ ಹತ್ತು ಲಕ್ಷ ದಾಟುತ್ತದೆ.

ಇನ್ನು ಸಂಬಳ. 30,000 ಗ್ಯಾರಂಟಿ ಅನ್ನುವ ಮಾತನ್ನು ಪಕ್ಕಕ್ಕಿಡಿ. ಹೊಸದಾಗಿ ಪಾಸಾದ ಜಿಎನ್‌ಎಂ ಹುಡುಗಿಗೆ ಮುಂಬೈನ ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ ಒಳ್ಳೆ ಸಂಬಳ ಸಿಗಬಹುದು. ಆದರೆ ಹೆಚ್ಚಿನವರು ಶುರು ಮಾಡುವುದು 20, 30 ಹಾಸಿಗೆಯ ನರ್ಸಿಂಗ್ ಹೋಮ್‌ಗಳಲ್ಲಿ, ಮಧ್ಯಮ ಗಾತ್ರದ ಆಸ್ಪತ್ರೆಗಳಲ್ಲಿ. ಅಲ್ಲಿ 15,000ದಿಂದ 20,000ದ ನಡುವೆ ಶುರುವಾದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಇನ್ನೂ ಕಡಿಮೆಗೆ ಸೇರಿದವರೂ ಇದ್ದಾರೆ. ಲೆಕ್ಕಕ್ಕೆ 18,000 ಇಟ್ಟುಕೊಳ್ಳಿ. ಅದರಲ್ಲಿ ಬೇಸಿಕ್ 15,000 ಇದ್ದರೆ ಪಿಎಫ್‌ಗೆ 1,800, ಇಎಸ್‌ಐಗೆ 135 ಹೋಗುತ್ತದೆ. ಕೈಗೆ ಬರುವುದು 16,000 ಚಿಲ್ಲರೆ. ಅದರಲ್ಲಿ 7,100 ಬ್ಯಾಂಕಿಗೆ. ಉಳಿದ 9,000ದಲ್ಲಿ ಲೋಕಲ್ ಪಾಸು, ಊಟ, ಬಟ್ಟೆ, ಮನೆಗೊಂದಿಷ್ಟು. ಅಪ್ಪನಿಗೆ ಒಂದು ತಿಂಗಳು ಹುಷಾರಿಲ್ಲದಿದ್ದರೆ ಕಂತು ತಪ್ಪುತ್ತದೆ.

ಅಮೆರಿಕದ ಮಾತು ಬಂತಲ್ಲ, ಅಲ್ಲಿಂದ ಕಲಿಯಬೇಕಾದ ಒಂದು ಸಂಗತಿ ಇದೆ. ವೃತ್ತಿ ಕೋರ್ಸ್‌ಗಳಿಗೆ ಅಲ್ಲಿನ ಸರ್ಕಾರ 2023ರಲ್ಲಿ ಒಂದು ಅಳತೆ ಹಾಕಿತು. ಪಾಸಾದವರ ವರ್ಷದ ಸಾಲದ ಕಂತು ಅವರ ವರ್ಷದ ಗಳಿಕೆಯ 8% ಒಳಗಿರಬೇಕು. ಇಲ್ಲವೇ ಬದುಕಿನ ಮೂಲ ಖರ್ಚಿಗೆಂದು ಒಂದು ಮೊತ್ತ ಬಿಟ್ಟು, ಉಳಿಯುವ ಗಳಿಕೆಯ 20% ಒಳಗಿರಬೇಕು. ಮೂರು ವರ್ಷದಲ್ಲಿ ಎರಡು ಸಲ ಈ ಎರಡೂ ಅಳತೆ ದಾಟಿದ ಕೋರ್ಸಿಗೆ ಸರ್ಕಾರದ ವಿದ್ಯಾರ್ಥಿ ಸಾಲ ನಿಲ್ಲಬೇಕು ಅನ್ನುವುದು ಆಗ ಮಾಡಿದ ನಿಯಮ. ನಮ್ಮಲ್ಲಿ ಹೀಗೆ ಶಾಲೆಯನ್ನು ತೂಗುವವರು ಯಾರೂ ಇಲ್ಲ. ತೂಗುವ ಕೆಲಸ ಅಪ್ಪ ಅಮ್ಮನ ಮೇಲೆಯೇ ಬೀಳುತ್ತದೆ. 18,000ಕ್ಕೆ 8% ಅಂದರೆ 1,440 ರೂಪಾಯಿ. ನಮ್ಮ ಸಂಬಳಗಳಿಗೆ ಅದು ತೀರಾ ಬಿಗಿ ಅಳತೆ ಆಯಿತು. ನಾನು ಮನೆಯವರಿಗೆ ಹೇಳುವುದು ಇಷ್ಟು: ಮೊದಲ ಕೆಲಸದಲ್ಲಿ ಕೈಗೆ ಬರುವ ಸಂಬಳದ ಐದನೇ ಒಂದು ಭಾಗಕ್ಕಿಂತ ಕಂತು ಜಾಸ್ತಿ ಇರಬಾರದು. ನಿಮ್ಮ ಮಗಳ ಲೆಕ್ಕದಲ್ಲಿ ಅದು ತಿಂಗಳಿಗೆ 3,200. ಹತ್ತು ವರ್ಷದ ಅವಧಿಗೆ ಅಷ್ಟು ಕಂತು ಹೊರುವ ಸಾಲ ಸುಮಾರು 1,80,000. ನಾಲ್ಕು ಲಕ್ಷ ಅಲ್ಲ.

ಬ್ಯಾಂಕ್ ನಾಲ್ಕು ಲಕ್ಷ ಕೊಡುತ್ತದೆ ಅನ್ನುವುದಕ್ಕೂ ಅಷ್ಟು ತಗೊಳ್ಳಬಹುದು ಅನ್ನುವುದಕ್ಕೂ ಸಂಬಂಧ ಇಲ್ಲ. ಶಾಲೆಯ ಫೀಸು ನೋಡಿ ಸಾಲ ಮಾಡಬೇಡಿ, ಸಂಬಳ ನೋಡಿ ಸಾಲ ಮಾಡಿ.

ಸಾಲದಿಂದ ಆಗುವ ದೊಡ್ಡ ನಷ್ಟ ಬಡ್ಡಿಯೂ ಅಲ್ಲ. ನಮ್ಮ ವಾರ್ಡ್‌ಗೆ ಒಬ್ಬ ಹುಡುಗಿ ಬಂದಿದ್ದಳು, ಸೊಲ್ಲಾಪುರದ ಕಡೆಯ ಕನ್ನಡದವಳು. ಕೈ ತುಂಬಾ ಚೊಕ್ಕ. ಐವಿ ಹಾಕಿದರೆ ಮಕ್ಕಳೂ ಅಳುತ್ತಿರಲಿಲ್ಲ. ಅವಳಿಗೆ ತಿಂಗಳಿಗೆ 8,000 ಮೇಲೆ ಕಂತು ಇತ್ತು. ಹಗಲು ಆಸ್ಪತ್ರೆ ಡ್ಯೂಟಿ, ವಾರಕ್ಕೆ ನಾಲ್ಕು ರಾತ್ರಿ ಯಾರದ್ದೋ ಮನೆಯಲ್ಲಿ ರೋಗಿ ನೋಡಿಕೊಳ್ಳುವ ಪ್ರೈವೇಟ್ ಡ್ಯೂಟಿ. ಒಂದು ದಿನ ಇನ್ಸುಲಿನ್ ಚಾರ್ಟ್ ಹಿಡಿದುಕೊಂಡು ನನ್ನ ಟೇಬಲ್ ಮುಂದೆ ಬಂದು ನಿಂತಳು. 'ಸಿಸ್ಟರ್, ಮೂರು ಸಲ ಓದಿದೆ, ತಲೆಗೆ ಹೋಗ್ತಾ ಇಲ್ಲ, ನೀವು ಓದಿ ಹೇಳಿ' ಅಂದಳು. ಅವಳು ಬಂದು ಕೇಳಿದ್ದು ರೋಗಿಯ ಪುಣ್ಯ. ಅದೇ ವರ್ಷ ಮುಂಬೈ ಪಾಲಿಕೆಯ ನರ್ಸ್ ನೇಮಕಾತಿ ಬಂತು. ಅವಳು ಅರ್ಜಿ ಹಾಕಿದಳು, ಓದಲು ಆಗಲಿಲ್ಲ. ಅವಳಿಗಿಂತ ಕಡಿಮೆ ಕೈಚಳಕದ, ಸಾಲ ಇಲ್ಲದ ಇಬ್ಬರು ಹುಡುಗಿಯರು ಪಾಸಾದರು.

ಈ ವೃತ್ತಿಯಲ್ಲಿ ಮೊದಲ ಸಂಬಳ ಕಡಿಮೆ, ಆದರೆ ಮೇಲೆ ಹೋಗುವ ಮೆಟ್ಟಿಲುಗಳು ನಿಜವಾಗಿಯೂ ಇವೆ. ಮಹಾರಾಷ್ಟ್ರ ಸರ್ಕಾರದ, ಮುಂಬೈ ಪಾಲಿಕೆಯ ಸ್ಟಾಫ್ ನರ್ಸ್ ಹುದ್ದೆಗೆ ಏಳನೇ ವೇತನ ಆಯೋಗದ ಪ್ರಕಾರ ಬೇಸಿಕ್ 35,400ರಿಂದ ಶುರು, ಅದರ ಮೇಲೆ ಭತ್ಯೆಗಳು. ಕೇಂದ್ರದ ಆಸ್ಪತ್ರೆಗಳಲ್ಲಿ 44,900. ಜಿಎನ್‌ಎಂ ಆದವರು ಇನ್ನೆರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬಹುದು. ಎರಡು ವರ್ಷ ಅನುಭವ ಆದ ಮೇಲೆ ಕೊಲ್ಲಿ ದೇಶಗಳ ದಾರಿ ತೆರೆಯುತ್ತದೆ. ಆದರೆ ಇದಕ್ಕೆಲ್ಲ ಕಾಯಬೇಕು, ಓದಬೇಕು, ಸ್ವಲ್ಪ ದಿನ ಕಡಿಮೆ ಸಂಬಳಕ್ಕೆ ಒಳ್ಳೆ ಐಸಿಯುನಲ್ಲಿ ಕೆಲಸ ಕಲಿಯಬೇಕು. ದೊಡ್ಡ ಕಂತು ಇರುವವಳಿಗೆ ಕಾಯಲು ಆಗುವುದಿಲ್ಲ. ಸಾವಿರ ರೂಪಾಯಿ ಜಾಸ್ತಿ ಕೊಟ್ಟ ಕಡೆ ಓಡುತ್ತಾಳೆ, ಅಲ್ಲೇ ಉಳಿಯುತ್ತಾಳೆ.

ಖಾಸಗಿಯವರು ಯಾಕೆ ಇಷ್ಟು ಕಡಿಮೆ ಕೊಡುತ್ತಾರೆ ಎಂದು ಕೇಳಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ ಒಂದು ಶಿಫಾರಸು ಮಾಡಿತ್ತು. 200 ಹಾಸಿಗೆಗಿಂತ ದೊಡ್ಡ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು. 50 ಹಾಸಿಗೆಗಿಂತ ಸಣ್ಣದಾದರೂ 20,000ಕ್ಕೆ ಕಡಿಮೆ ಇರಬಾರದು. ಆದರೆ ಅದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟ ವಿಷಯವಾಯಿತು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ನಾನು ಆ ಸಂಬಳ ಕಂಡದ್ದು ಅಪರೂಪ. ಇದರ ಬಗ್ಗೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮೂವತ್ತು ರೋಗಿಗಳನ್ನು ರಾತ್ರಿ ಒಬ್ಬಳೇ ನೋಡುವ ಹುಡುಗಿಗೆ ಹತ್ತು ವರ್ಷದ ಹಿಂದೆ ಹೇಳಿದ ಮೊತ್ತವೂ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮಗಳು ಜಿಎನ್‌ಎಂ ಮಾಡಲಿ. ಬಿಎಸ್ಸಿ ನರ್ಸಿಂಗ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು, ಕಾಮರ್ಸ್‌ನವರಿಗೆ ಆ ಬಾಗಿಲು ಇಲ್ಲ. ಜಿಎನ್‌ಎಂಗೆ ಯಾವ ವಿಭಾಗವಾದರೂ ನಡೆಯುತ್ತದೆ, ಒಟ್ಟು 40% ಮತ್ತು ಇಂಗ್ಲಿಷ್‌ನಲ್ಲಿ 40% ಬೇಕು. ಜಿಎನ್‌ಎಂ ಬಂದ್ ಆಗುತ್ತದೆ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 2019ರ ಸುಮಾರಿಗೆ ಅಂಥ ಮಾತು ಬಂದಿತ್ತು ನಿಜ, ಆದರೆ ಅದಾದ ಮೇಲೂ ಪ್ರವೇಶ ನಡೆಯುತ್ತಲೇ ಬಂದಿದೆ.

ಮೊದಲ ಪ್ರಯತ್ನ ಪಾಲಿಕೆ, ಸರ್ಕಾರ ಮತ್ತು ಹಳೆಯ ಟ್ರಸ್ಟ್ ಆಸ್ಪತ್ರೆಗಳ ನರ್ಸಿಂಗ್ ಶಾಲೆಗಳಿಗೆ ಇರಲಿ. ಪರೇಲ್‌ನ ಕೆಇಎಂ, ಸಯನ್, ಮುಂಬೈ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗಳಿಗೆ ಖುದ್ದಾಗಿ ಹೋಗಿ, ಈ ವರ್ಷದ ಪ್ರವೇಶದ ವಿವರ ಕೇಳಿ. ಥಾಣೆ ಜಿಲ್ಲಾ ಆಸ್ಪತ್ರೆಯಲ್ಲೂ ಕೇಳಿ. ಫೀಸು ತೀರಾ ಕಡಿಮೆ, ಸೀಟು ಕಡಿಮೆ, ಪೈಪೋಟಿ ಜಾಸ್ತಿ. 58% ಗೆ ಸಿಗದೇ ಹೋಗಬಹುದು. ಆದರೂ ಹಾಕಿ. ಇದಕ್ಕೆ ಮಹಾರಾಷ್ಟ್ರದ ಡೊಮಿಸೈಲ್ ಬೇಕು, ಅಂದರೆ 15 ವರ್ಷದ ವಾಸದ ದಾಖಲೆ. ರೇಷನ್ ಕಾರ್ಡ್, ಶಾಲೆಯ ದಾಖಲೆ ಈಗಲೇ ಹುಡುಕಿಡಿ.

ನಮ್ಮ ಕನ್ನಡದವರು ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ಕರ್ನಾಟಕದ ಸರ್ಟಿಫಿಕೇಟ್ ತೋರಿಸಿ ಇಲ್ಲಿ ರಿಯಾಯಿತಿ ಕೇಳಿದರೆ ನಡೆಯುವುದಿಲ್ಲ. ಒಬಿಸಿ ಆದರೆ 1967ರ ಅಕ್ಟೋಬರ್ 13ಕ್ಕೆ ಮುಂಚೆ, ಪರಿಶಿಷ್ಟ ಜಾತಿ ಆದರೆ 1950ರ ಆಗಸ್ಟ್ 10ಕ್ಕೆ ಮುಂಚೆ ಮನೆತನ ಮಹಾರಾಷ್ಟ್ರದಲ್ಲಿತ್ತು ಎಂದು ತೋರಿಸಬೇಕು. ಅಜ್ಜ ಮಿಲ್‌ನಲ್ಲೋ ಹೋಟೆಲಿನಲ್ಲೋ ಇದ್ದ ಕಾಗದ ಮನೆಯ ಟ್ರಂಕಿನಲ್ಲಿ ಇದ್ದರೆ ಅದಕ್ಕೆ ಚಿನ್ನದ ಬೆಲೆ. ಇಲ್ಲದಿದ್ದರೆ ಓಪನ್ ಎಂದೇ ಲೆಕ್ಕ ಹಾಕಿ, ಫೀಸು ಮಾಫಿ ಸಿಗುತ್ತದೆ ಎಂದು ನಂಬಿ ಅಡ್ಮಿಷನ್ ಮಾಡಬೇಡಿ. ಇನ್ನೊಂದು ಮಾತು. ಪಾಲಿಕೆಯ ನೌಕರಿಗೆ ಹತ್ತನೇ ತರಗತಿಯಲ್ಲಿ 100 ಅಂಕದ ಮರಾಠಿ ವಿಷಯ ಕೇಳುತ್ತಾರೆ. ಮಗಳು ಹತ್ತನೆಯದನ್ನು ಊರಲ್ಲಿ ಓದಿದ್ದರೆ ಇದನ್ನು ಈಗಲೇ ವಿಚಾರಿಸಿ.

ಇವು ಯಾವುದೂ ಆಗದಿದ್ದರೆ ಖಾಸಗಿ ಶಾಲೆ. ಕಲ್ಯಾಣದ ಆಚೆಯದ್ದೇ ಆಗಬೇಕೆಂದಿಲ್ಲ. ಭಾಂಡುಪ್‌ನಿಂದ ಲೋಕಲ್‌ನಲ್ಲಿ ಹೋಗಿ ಬರುವ ದೂರದಲ್ಲಿ, ಹಾಸ್ಟೆಲ್ ಕಡ್ಡಾಯ ಅಲ್ಲದ ಶಾಲೆ ಹುಡುಕಿ. ಬರೀ ಫೀಸಿಗೆ ಎರಡು ಲಕ್ಷದೊಳಗೆ ಸಾಲ ಮುಗಿದರೆ ಹತ್ತು ವರ್ಷಕ್ಕೆ ಕಂತು 3,550ರ ಹತ್ತಿರ ನಿಲ್ಲುತ್ತದೆ. ನನ್ನ ಅಳತೆಗೆ ತುಸು ಜಾಸ್ತಿ, ಆದರೆ ಹೊರಬಹುದು. ಓದುವಾಗಲೇ ಪ್ರತಿ ತಿಂಗಳು ಬಡ್ಡಿ ಕಟ್ಟುತ್ತಾ ಹೋದರೆ ಇನ್ನೂ ಇಳಿಯುತ್ತದೆ. ಮೊದಲ ವರ್ಷ ತಿಂಗಳಿಗೆ ಆರುನೂರು ಚಿಲ್ಲರೆ, ಮೂರನೇ ವರ್ಷಕ್ಕೆ 1,750. ಹೊಲಿಗೆಯ ದುಡ್ಡಲ್ಲಿ ಇದು ಆದೀತಾ ನೋಡಿ. ಹೀಗೆ ಬಡ್ಡಿ ಕಟ್ಟಿದವರಿಗೆ 1% ರಿಯಾಯಿತಿ ಕೊಡುವ ಬ್ಯಾಂಕ್‌ಗಳಿವೆ.

ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿದೆ. ಮನೆಯ ವರ್ಷದ ಆದಾಯ 4.5 ಲಕ್ಷದೊಳಗೆ ಇದ್ದರೆ, ಮಾನ್ಯತೆ ಇರುವ ವೃತ್ತಿ ಕೋರ್ಸಿಗೆ ಓದುವ ಕಾಲ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ ಇದೆ. ನಿಮ್ಮ ಆದಾಯ ಅದರೊಳಗೇ ಬರುತ್ತದೆ. ಈ ಶಾಲೆಗೆ, ಈ ಕೋರ್ಸಿಗೆ ಅದು ಸಿಗುತ್ತದಾ ಎಂದು ಬ್ಯಾಂಕ್ ಮ್ಯಾನೇಜರನ್ನೇ ಕೇಳಿ, ಶಾಲೆಯ ಏಜೆಂಟರನ್ನಲ್ಲ. ತಹಸೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರ ಬೇಕಾಗುತ್ತದೆ. ಶಾಲೆಯವರು 'ಲೋನ್ ಮಾಡಿಸಿಕೊಡ್ತೇವೆ' ಅಂದಾಗ ಸಾಲ ಬ್ಯಾಂಕಿನದ್ದಾ, ಯಾವುದೋ ಫೈನಾನ್ಸ್ ಕಂಪನಿಯದ್ದಾ ನೋಡಿ. ಫೈನಾನ್ಸ್‌ನಲ್ಲಿ ಮೊದಲ ತಿಂಗಳಿಂದಲೇ ಕಂತು ಶುರುವಾಗಬಹುದು, ಬಡ್ಡಿ ಜಾಸ್ತಿ, ಈ ಸಬ್ಸಿಡಿಯೂ ಇಲ್ಲ. ಪತಪೇಢಿ (ಸಹಕಾರಿ ಪತ್ತಿನ ಸಂಘ), ಭಿಶಿ (ಚೀಟಿ) ಹಣವನ್ನು ಮೂರು ವರ್ಷದ ಓದಿಗೆ ಹಾಕಬೇಡಿ, ಅದು ಬೇಗ ತಿರುಗಿಸಬೇಕಾದ ದುಡ್ಡು.

ಮಂಗಳೂರು ಕೆಟ್ಟ ದಾರಿ ಅಲ್ಲ. ಅಲ್ಲಿ ಸ್ವಂತ ದೊಡ್ಡ ಆಸ್ಪತ್ರೆ ಇರುವ ಶಾಲೆಗಳಿವೆ, ಮಾವನ ಮನೆಯಲ್ಲಿ ಉಳಿಯುವುದಾದರೆ ಖರ್ಚೂ ಕಡಿಮೆ. ಆದರೆ ನೋಂದಣಿ ಕರ್ನಾಟಕದ ಕೌನ್ಸಿಲ್‌ನಲ್ಲಿ ಆಗುತ್ತದೆ. ಮುಂಬೈಯಲ್ಲಿ ಕೆಲಸಕ್ಕೆ ಸೇರುವಾಗ ಅದನ್ನು ಮಹಾರಾಷ್ಟ್ರಕ್ಕೆ ವರ್ಗ ಮಾಡಿಸಿಕೊಳ್ಳಬೇಕು, ಕೆಲವು ತಿಂಗಳು ಹಿಡಿಯಬಹುದು. ಶಾಲೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಇಲ್ಲದಿದ್ದರೆ ಇಲ್ಲಿ ತೊಂದರೆ ಆಗುತ್ತದೆ.

ಒಂದು ವರ್ಷ ಬಿಟ್ಟು ಮುಂದಿನ ವರ್ಷ ಮತ್ತೆ ಸರ್ಕಾರಿ ಸೀಟಿಗೆ ಪ್ರಯತ್ನಿಸುವುದೂ ಒಂದು ದಾರಿ. ನಾಲ್ಕು ಲಕ್ಷದ ಸಾಲಕ್ಕಿಂತ ಒಂದು ವರ್ಷ ಕಾಯುವುದು ಅಗ್ಗ. ಆದರೆ ಆ ವರ್ಷ ಮನೆಯಲ್ಲಿ ಮದುವೆ ಮಾತು ಶುರುವಾಗುವ ಹಾಗಿದ್ದರೆ ಈ ಸಲಹೆಯನ್ನು ಮರೆತುಬಿಡಿ, ಸೇರಿಸಿಬಿಡಿ.

ಯಾವ ಶಾಲೆಯೇ ಆಗಲಿ, ದುಡ್ಡು ಕಟ್ಟುವ ಮುಂಚೆ ಹೀಗೆ ಮಾಡಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಮತ್ತು ಮಹಾರಾಷ್ಟ್ರ ಕೌನ್ಸಿಲ್‌ಗಳ ವೆಬ್‌ಸೈಟ್‌ನಲ್ಲಿ ಶಾಲೆಯ ಹೆಸರು, ಕೋರ್ಸು, ಈ ವರ್ಷದ ಸೀಟು ಮೂರನ್ನೂ ಮಗಳ ಕೈಯಲ್ಲೇ ನೋಡಿಸಿ. ಮಕ್ಕಳು ಪ್ರಾಕ್ಟಿಕಲ್‌ಗೆ ಹೋಗುವ ಆಸ್ಪತ್ರೆ ಯಾವುದು ಎಂದು ಕೇಳಿ, ಅಲ್ಲಿಗೆ ಹೋಗಿ ಹೊರಗೆ ಕೂತು ನೋಡಿ. ಹಾಸಿಗೆ ಖಾಲಿ ಇರುವ ಆಸ್ಪತ್ರೆಯಲ್ಲಿ ಯಾರೂ ನರ್ಸಿಂಗ್ ಕಲಿಯಲು ಆಗುವುದಿಲ್ಲ. ಫೀಸಿನ ಪೂರ್ತಿ ಪಟ್ಟಿ ಬರವಣಿಗೆಯಲ್ಲಿ ಕೇಳಿ. ಪರೀಕ್ಷೆ, ಯೂನಿಫಾರ್ಮ್, ಪುಸ್ತಕ ಎಂದು ಆಮೇಲೆ ಸೇರಿಸುವುದೇ ಜಾಸ್ತಿ. ಕಳೆದ ವರ್ಷ ಪಾಸಾದ ಹುಡುಗಿಯರಲ್ಲಿ ನಾಲ್ಕೈದು ಜನರ ಜೊತೆ ಮಾತಾಡಿಸಿ ಎನ್ನಿ. 'ಗ್ಯಾರಂಟಿ ಕೆಲಸ' ಅಂದರೆ ಬಹಳ ಸಲ ಅವರದೇ ಆಸ್ಪತ್ರೆಯಲ್ಲಿ ಕಡಿಮೆ ಸಂಬಳಕ್ಕೆ ಎರಡು ವರ್ಷದ ಬಾಂಡ್. ನಾನು ಟ್ಯೂಟರ್ ಆಗಿದ್ದಾಗ ಒಂದು ಕಡೆ ಹುಡುಗಿಯರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಈ ವಾರವೇ ಒಂದು ದಿನ ಮಧ್ಯಾಹ್ನ, ಶಿಫ್ಟ್ ಬದಲಾಗುವ ಹೊತ್ತಿಗೆ, ಮುಲುಂಡ್ ಅಥವಾ ಥಾಣೆಯ ಯಾವುದಾದರೂ ಮಧ್ಯಮ ಆಸ್ಪತ್ರೆಯ ಗೇಟಿನ ಹತ್ತಿರ ನೀವಿಬ್ಬರೂ ನಿಲ್ಲಿ. ಡ್ಯೂಟಿ ಮುಗಿಸಿ ಬರುವ ನರ್ಸ್‌ಗಳನ್ನು ಕೇಳಿ: ಎಲ್ಲಿ ಓದಿದಿರಿ, ಮೊದಲ ಸಂಬಳ ಎಷ್ಟು, ಕೈಗೆ ಎಷ್ಟು ಬಂತು. ಹೆಣ್ಣುಮಕ್ಕಳು ಇಂಥದ್ದನ್ನು ಮುಚ್ಚಿಡುವುದಿಲ್ಲ, ಹೇಳುತ್ತಾರೆ. ಐದು ಜನ ಹೇಳಿದ ಮೊತ್ತ ಬರೆದುಕೊಂಡು, ನಾನು ಹಾಕಿದ 18,000ದ ಜಾಗದಲ್ಲಿ ಅದನ್ನು ಇಟ್ಟು ಲೆಕ್ಕ ಮತ್ತೆ ಹಾಕಿ. ಬಂದ ಅಂಕಿಯನ್ನು ಶಾಲೆಯ ಫೀಸಿನ ಪಟ್ಟಿಯ ಜೊತೆ ನನಗೆ ಬರೆದು ಕಳಿಸಿ, ಸಹಿ ಹಾಕುವ ಮುಂಚೆ ಇನ್ನೊಮ್ಮೆ ನೋಡೋಣ.